ಅವ್ವನ ಎಡಗಾಲು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಕರೆದಿದ್ದಾರೆ. ನಾನು ಸೊಂಟನೋವಿನ ಬಗ್ಗೆ ಮಾತಾಡುತ್ತೇನೆ. ಶ್ರೀರಂಗಪಟ್ಟಣದ ಕಡೆ ನಾಟಿ ಹಾಕುವವರು, ಪಾಂಡವಪುರದಲ್ಲಿ ಕಬ್ಬು ಕಡಿದು ಲೋಡು ಮಾಡುವವರು, ಕೆ.ಆರ್. ಪೇಟೆ, ನಾಗಮಂಗಲದಲ್ಲಿ ತೆಂಗಿನಕಾಯಿ ಮೂಟೆ ಹೊರುವವರು, ಎಲ್ಲರೂ ಇಲ್ಲಿದ್ದೀರಿ. ಸೊಂಟನೋವಿಲ್ಲದ ಮನೆ ಯಾವುದಿದೆ?

ನನಗೂ ಒಂದು ವರ್ಷದಿಂದ ನೋವಿತ್ತು. ಬೆಂಗಳೂರಿನಲ್ಲಿ ಎಂ.ಆರ್.ಐ. ಮಾಡಿಸಿದೆ. ಡಿಸ್ಕ್ ಉಬ್ಬಿದೆ ಎಂದು ವರದಿ ಬಂತು. ಅದನ್ನು ಓದಿದ ಮೇಲೆ ಬಗ್ಗಿ ಶೂ ಕಟ್ಟಲೂ ಹೆದರಿಕೆ. ಹಬ್ಬಕ್ಕೆ ಬಂದಾಗ ಫಿಲಂ ಹಿಡಿದುಕೊಂಡು ಪಾಂಡವಪುರದ ಹಿರಿಯ ಡಾಕ್ಟರೊಬ್ಬರ ಹತ್ತಿರ ಹೋದೆ. ಅವ್ವನನ್ನೂ ಕರೆದುಕೊಂಡು ಹೋದೆ. ಅವಳಿಗೆ ಎರಡು ವರ್ಷದ ನೋವು. ಕೇಳಿದರೆ "ಏನಿಲ್ಲ ಬುಡು" ಅನ್ನುತ್ತಿದ್ದಳು.

ಡಾಕ್ಟರು ಫಿಲಂ ಪಕ್ಕಕ್ಕಿಟ್ಟು ನನ್ನನ್ನು ನಿಲ್ಲಿಸಿದರು. ಬೆನ್ನುಮೂಳೆಯ ಉದ್ದಕ್ಕೂ ಬೆರಳಿಂದ ಒತ್ತುತ್ತಾ ಬಂದರು. ಹಿಂದೆ ಮುಂದೆ ಬಗ್ಗಿಸಿದರು. ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು. ಅಂಗಾತ ಮಲಗಿಸಿ, ಮಂಡಿ ಮಡಿಸದಂತೆ ಒಂದೊಂದೇ ಕಾಲು ಎತ್ತಿದರು. 30ರಿಂದ 70 ಡಿಗ್ರಿಯೊಳಗೆ ನೋವು ಮಂಡಿಯಿಂದ ಕೆಳಕ್ಕೆ ಹರಿದರೆ ನರದ ಬೇರು ಅದುಮಿಕೊಂಡಿರಬಹುದಂತೆ. ನನಗೆ ತೊಡೆಯ ಹಿಂದೆ ಎಳೆದದ್ದು ಬಿಟ್ಟರೆ ಏನೂ ಇಲ್ಲ. ಕೊನೆಗೆ ಚಿಕ್ಕ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿದರು, ಕಾಲು ಚಿಮ್ಮಿತು. ಇದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಡಸ್ಟರಿನ ಅಂಚಿನಿಂದ ನನ್ನ ಮಂಡಿಗೆ ತಟ್ಟಿ ಪರಾವರ್ತಿತ ಪ್ರತಿಕ್ರಿಯೆ ತೋರಿಸಿದ್ದರು. ಅವತ್ತು ನಕ್ಕವರು ಈಗ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

"ನರ ಚೆನ್ನಾಗಿದೆ. ಕುರ್ಚಿ ಬಿಟ್ಟು ಏಳಪ್ಪ" ಅಂದರು. ಹಾಗಾದರೆ ಫಿಲಂ? ಸೊಂಟನೋವೇ ಇಲ್ಲದ 98 ಜನರಿಗೆ ಎಂ.ಆರ್.ಐ. ಮಾಡಿ ನೋಡಿದ ಅಮೆರಿಕದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಗಿದೆ. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಡಿಸ್ಕ್ ಉಬ್ಬಿತ್ತು.

ಆಮೇಲೆ ಅವ್ವ. ತುದಿಗಾಲಲ್ಲಿ ಸರಿಯಾಗಿ ನಡೆದಳು. ಹಿಮ್ಮಡಿಯಲ್ಲಿ ನಡೆಯುವಾಗ ಎಡಪಾದ ಮೇಲೇಳದೆ ಟಪ್ಪೆಂದು ನೆಲಕ್ಕೆ ಬಿತ್ತು. ಡಾಕ್ಟರು ಕಾಲಿನ ಹೆಬ್ಬೆರಳ ಮೇಲೆ ತಮ್ಮ ಬೆರಳಿಟ್ಟು "ಮೇಲಕ್ಕೆ ತಳ್ಳಮ್ಮ" ಅಂದರು. ಬಲಗಾಲಲ್ಲಿ ತಳ್ಳಿದಳು, ಎಡಗಾಲಲ್ಲಿ ಆಗಲಿಲ್ಲ. ಹತ್ತಿಯಿಂದ ಸವರಿದರೆ ಆ ಪಾದದ ಮೇಲ್ಭಾಗಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ.

"ನಡೆಯುವಾಗ ಎಡವುತ್ತೀಯಾ?"

"ಊಂ ಸೋಮಿ, ಬದಿನ್ ಮ್ಯಾಲೆ ಎಡವ್ತೀನಿ. ಕಣ್ಣು ಕಾಣಾಕಿಲ್ಲ ಅಂತ ಇವ್ನೇ ಕನ್ನಡ್ಕ ಕೊಡಿಸ್ದ."

ನನಗೆ ತಲೆ ಎತ್ತಲಾಗಲಿಲ್ಲ. ಸೊಂಟದ ಐದನೇ ನರ ಎಂದು ಡಾಕ್ಟರು ಸ್ಕ್ಯಾನಿಗೆ ಮೊದಲೇ ಹೇಳಿದರು. ಸ್ಕ್ಯಾನಿನಲ್ಲೂ ಅದೇ ಬಂತು.

ಅವರು ಹೇಳಿದ ಇನ್ನೆರಡು ಮಾತು. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ಇಲ್ಲವೇ ಕೂರುವ ಜಾಗ ಜೋಮು ಹಿಡಿದರೆ ಬೆಳಗಾಗಲಿ ಅನ್ನದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಯುವುದು ಇದ್ದರೆ ಮುಚ್ಚಿಡಬಾರದು. ಬೆನ್ನುಮೂಳೆಗೂ ಕ್ಷಯ ಬರುತ್ತದೆ. ಉಳುಕು ಅಂತ ಬೆನ್ನು ತುಳಿಸಿಕೊಳ್ಳುವುದಂತೂ ಬೇಡ. ನಮ್ಮಪ್ಪನೂ ತುಳಿಸಿಕೊಂಡವನೇ, ಅದಕ್ಕೇ ಹೇಳುತ್ತಿದ್ದೇನೆ.

ಈಗ ಎಂಟು ತಿಂಗಳು. ಔಷಧಿ, ವ್ಯಾಯಾಮದಿಂದ ಅವ್ವನ ಪಾದ ಮುಕ್ಕಾಲು ಪಾಲು ಮೇಲೇಳುತ್ತಿದೆ. ದಿನಾ ಸಂಜೆ ಜಗಲಿ ಮೇಲೆ ಹಿಮ್ಮಡಿಯಲ್ಲಿ ನಾಲ್ಕು ಹೆಜ್ಜೆ ಹಾಕಿ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತಾಳೆ. ಇವತ್ತು ಇಲ್ಲಿಗೂ ಬಂದಿದ್ದಾಳೆ, ಕನ್ನಡಕ ಮನೆಯಲ್ಲೇ ಬಿಟ್ಟು.