ಹಳೆಯ ಯಂತ್ರ, ಹೊಸ ಆಟ
(ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಈ ಸಮ್ಮೇಳನದಲ್ಲಿ ನಾಲ್ಕು ಮಾತುಗಳನ್ನಾಡಲು ನಮಗೆ ಅಪ್ಪಣೆಯಾಗಿದೆ. ಶಾಲೆಯ ವೇದಿಕೆಯ ಮೇಲೆ ಗಣಕಯಂತ್ರದ ಆಟದ ಮಾತೇಕೆಂದು ಪಾಲಕರು ಹುಬ್ಬೇರಿಸಬಹುದು. ಕೊನೆಯವರೆಗೆ ಕೇಳಿ ತೀರ್ಪು ಕೊಡಬೇಕೆಂದು ನಮ್ಮ ಬಿನ್ನಹ.

2025ನೆಯ ಇಸವಿಯ ಜೂನ್ ತಿಂಗಳಲ್ಲಿ ಸೊಲ್ಲಾಪುರದಿಂದ ಗೋವೆಗೆ ವಿಮಾನಸಂಚಾರ ಮೊದಲಾಯಿತು. ಅಂದಿನಿಂದ ಅಕ್ಕಲಕೋಟೆಯ ನಮ್ಮ ಪರಿಚಯದ ಬಾಲಕನೊಬ್ಬನಿಗೆ ವಿಮಾನದ ಹುಚ್ಚು ಹಿಡಿಯಿತು. 2020ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯು ಹೊರತಂದ ‘ಫ್ಲೈಟ್ ಸಿಮ್ಯುಲೇಟರ್’ ಎಂಬ ಆಟವು ಉಪಗ್ರಹಚಿತ್ರಗಳ ನೆರವಿನಿಂದ ಇಡೀ ಭೂಮಂಡಲವನ್ನೇ ತೋರಿಸುವುದು. ಆದರೆ ಅದಕ್ಕೆ ಕನಿಷ್ಠವೆಂದರೂ 8 ಗಿಗಾಬೈಟ್ ರ‍್ಯಾಮ್, 150 ಗಿಗಾಬೈಟ್ ಸ್ಥಳ ಹಾಗೂ ಬಲವಾದ ಗ್ರಾಫಿಕ್ಸ್ ಕಾರ್ಡ್ ಬೇಕು. ಇವನ ಮನೆಯಲ್ಲಿದ್ದುದು 4 ಗಿಗಾಬೈಟಿನ ಹಳೆಯ ಲ್ಯಾಪ್‌ಟಾಪು.

“ಹೊಸದು ಕೊಡಸ್ರಿ ಅಪ್ಪಾ, ಕಂತಿನ ಮ್ಯಾಲೆ ಸಿಗ್ತದ” ಎಂದು ಅವನು ಹಟ ಹಿಡಿದನು. ಸೊಲ್ಲಾಪುರದ ಮಗ್ಗದ ಕಾರಖಾನೆಯಲ್ಲಿ ದುಡಿಯುವ ತಂದೆಯು ಮಾತಾಡಲಿಲ್ಲ. ಆಗ ಹುಡುಗನು ಸ್ಥಳ ತೆರವು ಮಾಡಲು ಹಳೆಯ ಕಡತಗಳನ್ನೆಲ್ಲ ಅಳಿಸಲು ಕುಳಿತನು. ಅವುಗಳಲ್ಲಿ ಅಕ್ಕನ ಪದವಿ ತರಗತಿಯ ಟಿಪ್ಪಣಿಗಳಿದ್ದವು. ತೀರಿಹೋದ ಅಜ್ಜಿ ಹಾಡಿದ ಬೀಸುಕಲ್ಲಿನ ಪದಗಳೂ ಇದ್ದವು. ಅಕ್ಕ ಅಳುತ್ತ ನಮ್ಮಲ್ಲಿಗೆ ಓಡಿಬಂದಳು.

ನಾವು ಹೋಗಿ ಮೊದಲು ಆ ಕಡತಗಳನ್ನು ಪೆನ್‌ಡ್ರೈವಿಗೆ ಇಳಿಸಿದೆವು. ಬಳಿಕ ಹುಡುಗನನ್ನು ಬದಿಯಲ್ಲಿ ಕೂರಿಸಿಕೊಂಡು ಯಂತ್ರವನ್ನು ನೋಡಿದೆವು. ಪಂಖದಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ನಮ್ಮ ಕಡೆಯ ಬೇಸಿಗೆಯೋ 40 ಅಂಶ ದಾಟುವಂಥದು. ಯಂತ್ರವು ಅತಿಯಾಗಿ ಕಾದರೆ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಧೂಳು ತೆಗೆದು, ಚಾರ್ಜರ್ ಜೋಡಿಸಿ, ಬೇಡದ ಕಾರ್ಯಕ್ರಮಗಳನ್ನು ಮುಚ್ಚಿದೆವು.

ಇನ್ನು ಚಿತ್ರದ ಮಾತು. ಇದು ಸೊಲ್ಲಾಪುರದವರಿಗೆ ಸುಲಭವಾಗಿ ತಿಳಿಯುವುದು. 1804ರಲ್ಲಿ ಫ್ರಾನ್ಸ್ ದೇಶದ ಜಕಾರ್ಡ್ ಎಂಬಾತನು, ತೂತು ಕೊರೆದ ರಟ್ಟುಗಳ ಅಪ್ಪಣೆಯಂತೆ ನೂಲು ಮೇಲೇಳುವ ಮಗ್ಗವನ್ನು ಸಿದ್ಧಪಡಿಸಿದನು. ಆ ರಟ್ಟುಗಳ ಉಪಾಯವನ್ನೇ ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣಕದ ಯೋಜನೆಗೆ ಎರವಲು ಪಡೆದನು. ಆದುದರಿಂದ ಮಗ್ಗಕ್ಕೂ ಗಣಕಕ್ಕೂ ಹಳೆಯ ನಂಟುಂಟು. ಚಾದರದ ಹೂವು ನೂಲಿನಿಂದಾದಂತೆ ಪರದೆಯ ಚಿತ್ರವು ಚುಕ್ಕೆಗಳಿಂದಾಗುವುದು. 1920ಕ್ಕೆ 1080ರ ಚಿತ್ರದಲ್ಲಿ 20,73,600 ಚುಕ್ಕೆಗಳು. 1280ಕ್ಕೆ 720ರಲ್ಲಿ 9,21,600 ಮಾತ್ರ. ಸೆಕೆಂಡಿಗೆ 30 ಚಿತ್ರಗಳನ್ನು ನೇಯಬೇಕಾದ ಯಂತ್ರಕ್ಕೆ ಅರ್ಧಕ್ಕಿಂತ ಹೆಚ್ಚು ಹೊರೆ ಇಳಿದಂತಾಯಿತು. ನೇಯ್ಗೆ ತುಸು ಒರಟಾದೀತು, ಹೂವಂತೂ ಹೂವೇ.

ಇಷ್ಟಾದರೂ 2020ರ ಆಟ ಆ ಯಂತ್ರದಲ್ಲಿ ನಡೆಯುವಂತಿರಲಿಲ್ಲ. ಇಲ್ಲದ ಗ್ರಾಫಿಕ್ಸ್ ಕಾರ್ಡನ್ನು ಯಾವ ಜಾಣತನವೂ ತಂದುಕೊಡಲಾರದು. ಇದನ್ನು ಹುಡುಗನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆವು. ಅವನ ಮುಖ ಬಾಡಿತು. ಆಗ ನಮ್ಮಲ್ಲಿದ್ದ, ಅದೇ ಆಟದ 2006ರ ಆವೃತ್ತಿಯ ಡಿಸ್ಕುಗಳನ್ನು ತಂದು ಹಾಕಿದೆವು. ಅದು ಕೇಳುವುದು ಸುಮಾರು 15 ಗಿಗಾಬೈಟ್ ಸ್ಥಳ ಮಾತ್ರ. ಮೋಡ, ನೆರಳು, ನೀರಿನ ಹೊಳಪುಗಳನ್ನು ತಗ್ಗಿಸಿದ ಮೇಲೆ ಮುಂಬಯಿಯ ನಿಲ್ದಾಣದಿಂದ ವಿಮಾನವು ತಡವರಿಸದೆ ಮೇಲೆದ್ದಿತು.

ಅಷ್ಟರಲ್ಲಿ ತಂದೆ ಪಾಳಿ ಮುಗಿಸಿ ಬಂದರು. ಚಪ್ಪಲಿ ಬಿಟ್ಟು ಮಗನ ಪಕ್ಕದಲ್ಲಿ ಕುಳಿತು, “ಇದು ಗೋವಾದ ಕಡೆ ಹೊಂಟದೇನೋ?” ಎಂದು ಕೇಳಿದರು. “ಹೌದ್ರಿ ಅಪ್ಪಾ, ನೀವು ಕೂಡ್ರಿ, ನಾ ಕರಕೊಂಡು ಹೋಗ್ತೀನಿ” ಎಂದನು ಮಗ. ಕಂತಿನ ಮಾತನ್ನು ಆಮೇಲೆ ಅವನು ಎತ್ತಲಿಲ್ಲವೆಂದು ಅಕ್ಕ ಹೇಳಿದಳು.

ಪಾಲಕರೇ, ಮಕ್ಕಳ ಆಟವನ್ನು ಬೈಯುವ ಮುನ್ನ ಒಂದು ಗಳಿಗೆ ಅವರ ಬದಿಯಲ್ಲಿ ಕುಳಿತು ನೋಡಿರಿ. ಮಕ್ಕಳೇ, ಹೊಸದನ್ನು ಬೇಡುವ ಮುನ್ನ ಇದ್ದುದರ ಧೂಳು ಒರೆಸಿರಿ. ಏನನ್ನಾದರೂ ಅಳಿಸುವ ಮುನ್ನ ಅದು ಯಾರ ದನಿಯೆಂದು ಕೇಳಿರಿ.