ಕುಸುರಿ ಕೆಲಸವೂ ನೋಡುವ ಕಣ್ಣೂ



ನಮ್ಮ ಮನೆಗಳ ನಡುಮನೆಯಲ್ಲಿ ಮೇಜಿನ ಮೇಲೆ ಹಾಸಿರುವ ಬಿಳಿಯ ಹೆಣಿಗೆಯ ವಸ್ತ್ರವನ್ನು ತಾವೆಲ್ಲರೂ ಕಂಡೇ ಇರುವಿರಿ. ಕ್ರೋಷಾ ಕಡ್ಡಿಯಿಂದ ನೂಲನ್ನು ಒಂದೊಂದೇ ಕುಣಿಕೆಯಾಗಿ ಸಿಕ್ಕಿಸಿ ಮಾಡಿದ ಆ ಜಾಲವನ್ನು, ಇಂಗ್ಲಿಷಿನಿಂದ ಪಡೆದ ಹೆಸರಿನಲ್ಲಿ, ಲೇಸು ಎಂದು ಕರೆಯುತ್ತೇವೆ. ಒಳ್ಳೆಯದಕ್ಕೂ ನಮ್ಮ ನುಡಿಯಲ್ಲಿ ಲೇಸೆಂದೇ ಹೆಸರು. ಇದು ಕೇವಲ ಕಾಕತಾಳೀಯವಾದರೂ ಹೆಣೆದ ಕೈಗೆ ಸಲ್ಲತಕ್ಕ ಮಾತೇ ಸರಿ. ಮನೆಗೆ ಬಂದ ನೆಂಟರು ಆ ವಸ್ತ್ರವನ್ನು ಬೆರಳಿನಿಂದ ಮುಟ್ಟಿ ನೋಡಿ, “ಅಬ್ಬ, ಎಷ್ಟು ತಾಳ್ಮೆಯಮ್ಮ ನಿಮಗೆ!” ಎನ್ನುವರು. ಮರುಕ್ಷಣದಲ್ಲಿಯೇ, “ಎಷ್ಟು ದಿನ ಹಿಡಿಯಿತು?” ಎಂದು ಕೇಳುವರು. ಮೂರನೆಯದಾಗಿ, “ಕಣ್ಣು ನೋಯುವುದಿಲ್ಲವೆ?” ಎಂಬ ಅನುಕಂಪ. ಅಷ್ಟು ಹೊತ್ತಿಗೆ ಕಾಫಿ ಬರುವುದು. ಮಾತು ಬೇರೆ ಕಡೆಗೆ ಹೊರಳುವುದು.

ಈ ಮೂರು ಮಾತುಗಳನ್ನು ಕುರಿತೇ ಈ ಹೊತ್ತು ಕೆಲವು ವಿಚಾರಗಳನ್ನು ಅರಿಕೆಮಾಡಬೇಕೆಂದಿದ್ದೇನೆ. ಅವು ಹೊಗಳಿಕೆಯ ಮಾತುಗಳೆಂಬುದರಲ್ಲಿ ಸಂದೇಹವಿಲ್ಲ. ಆಡುವವರ ಮನಸ್ಸಿನಲ್ಲಿ ಕಪಟವೂ ಇಲ್ಲ. ಆದರೆ ಆ ಮೂರರಲ್ಲಿ ಒಂದಾದರೂ ಕೆಲಸವನ್ನು ಕುರಿತದ್ದಲ್ಲ. ತಾಳ್ಮೆಯೆಂಬುದು ಸ್ವಭಾವದ ಗುಣ. ದಿನಗಳ ಲೆಕ್ಕ ಪಂಚಾಂಗಕ್ಕೆ ಸೇರಿದ್ದು. ಕಣ್ಣುನೋವು ವೈದ್ಯರ ವಿಷಯ. ಹೆಣೆದವಳು ಏನು ಬಲ್ಲಳು, ಎಲ್ಲಿ ಯಾವುದನ್ನು ಆರಿಸಿಕೊಂಡಳು, ಎಲ್ಲಿ ತಪ್ಪಿ ಹೇಗೆ ಸರಿಪಡಿಸಿಕೊಂಡಳು ಎಂಬುದನ್ನು ನಾವು ಕೇಳುವುದಿಲ್ಲ. ಕೇಳದಿದ್ದರೆ ಯಾರಿಗೇನು ನಷ್ಟ ಎನ್ನಬಹುದು. ನಷ್ಟವುಂಟು, ಅದೂ ರೂಪಾಯಿಗಳಲ್ಲಿ ಎಣಿಸಬಹುದಾದ ನಷ್ಟ.

ಈ ಯೋಚನೆ ನನಗೆ ಹುಟ್ಟಿದ್ದು ಲೇಸಿನ ನಾಡಿನಲ್ಲಿ ಅಲ್ಲ, ಶಿವಮೊಗ್ಗ ಜಿಲ್ಲೆಯ ಸೊರಬ ಶಿಕಾರಿಪುರಗಳಲ್ಲಿ. ಒಂದಕ್ಕೊಂದು ತಗುಲಿಕೊಂಡಿರುವ ಆ ಎರಡು ತಾಲ್ಲೂಕುಗಳಲ್ಲಿ ಲೇಸಿಗೆ ದಾಯಾದಿಗಳೆನ್ನಬಹುದಾದ ಎರಡು ಕಸುಬುಗಳಿವೆ. ಒಂದು, ಗುಡಿಗಾರರ ಮರದ ಕೆತ್ತನೆ; ಇನ್ನೊಂದು, ಲಂಬಾಣಿ ಹೆಂಗಸರ ಸೂಜಿಯ ಕೆಲಸ.

ಗುಡಿಗಾರರು ಗೋವೆಯ ಕಡೆಯಿಂದ ಬಂದು ನೆಲಸಿದವರೆಂದು ಹೇಳುವರು. ಗಂಧದ ಮರದಲ್ಲಿ ಕರಡಿಗೆ, ಪೆಟ್ಟಿಗೆ, ವಿಗ್ರಹಗಳನ್ನು ಕೆತ್ತುವುದಲ್ಲದೆ ಬೆಂಡಿನಲ್ಲಿ ಮದುವೆಯ ಬಾಸಿಂಗವನ್ನು ಕಟ್ಟುವ ಕೆಲಸದಲ್ಲಿಯೂ ಅವರು ಪಳಗಿದವರು. ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನ 1897ರ ಮುದ್ರಣದಲ್ಲಿ ಈ ಕೆತ್ತನೆಯನ್ನು ವರ್ಣಿಸಿದ್ದಾರೆ. ಕಸುಬು ಮುಖ್ಯವಾಗಿ ಸೊರಬದಲ್ಲಿದೆಯೆಂದೂ, ಪೆಟ್ಟಿಗೆಗಳ ಮೈಯೆಲ್ಲ ಹೆಣೆದುಕೊಂಡ ಬಳ್ಳಿ ಎಲೆಗಳಿಂದ ತುಂಬಿ ನಡುನಡುವೆ ದೇವತೆಗಳೂ ಪ್ರಾಣಿಗಳೂ ಕಾಣುವುವೆಂದೂ, ಮರದ ಒಂದು ಚೂರು ಭಾಗವೂ ಬರಿದಾಗಿ ಉಳಿದಿರುವುದಿಲ್ಲವೆಂದೂ ಹೇಳಿ, ಮುಂದೆ ಏನು ಬರೆದಿದ್ದಾರೆಂಬುದನ್ನು ತಾವು ಗಮನಿಸಬೇಕು. ಮರ ಗಟ್ಟಿಯಾದದ್ದು, ಕೆಲಸ ಅತಿ ಸೂಕ್ಷ್ಮವಾದದ್ದು, ಆದಕಾರಣ ಬಹಳ ಎಚ್ಚರಿಕೆಯೂ ತಾಳ್ಮೆಯೂ ಬೇಕು. ಒಂದು ಬರೆಯುವ ಮೇಜನ್ನು ಕೆತ್ತಲು ಅನೇಕ ತಿಂಗಳುಗಳ ದುಡಿಮೆ ಬೇಕು. ಕೆತ್ತುವವರು ಚಿಕ್ಕ ವಯಸ್ಸಿನಲ್ಲಿಯೇ ದೃಷ್ಟಿಯನ್ನು ಕಳೆದುಕೊಳ್ಳುವರಂತೆ. ನಮ್ಮ ನಡುಮನೆಯ ನೆಂಟರಾಡಿದ ಅವೇ ಮೂರು ಮಾತುಗಳು, ಅದೇ ಕ್ರಮದಲ್ಲಿ!

ರೈಸ್ ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕನ್ನಡಿಗರು ಅವರಿಗೆ ಎಷ್ಟು ಋಣಿಗಳೆಂಬುದನ್ನು ಬಲ್ಲೆ. ಆದರೂ ಅದೇ ಭಾಗದಲ್ಲಿ ಅವರಾಡಿರುವ ಇನ್ನೊಂದು ಮಾತು ನನ್ನನ್ನು ಕಾಡುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಹೊಂದಿಕೆಯಿಲ್ಲದ ಆಕಾರಗಳನ್ನೂ ಈ ಕೆತ್ತನೆಗಾರರು ಒಂದಾಗಿ ಬೆಸೆಯುವ ನೈಪುಣ್ಯವು ಪೂರ್ವದೇಶದವರಿಗೆ ಹುಟ್ಟಿನಿಂದಲೇ ಬಂದಂತೆ ತೋರುತ್ತದೆ ಎಂಬುದು ಅವರ ಅಭಿಪ್ರಾಯ. ಜೇಡನಿಗೆ ಬಲೆ ಹೆಣೆಯುವುದು ಹುಟ್ಟಿನಿಂದ ಬಂದದ್ದು. ಅದಕ್ಕೆ ಗುರುವಿಲ್ಲ, ಪಾಠವಿಲ್ಲ. ಗುಡಿಗಾರನ ಮಗನು ತಂದೆಯ ಪಕ್ಕದಲ್ಲಿ ಕುಳಿತು, ಹಾಳುಮರದ ಮೇಲೆ ಉಳಿಯನ್ನು ಜಾರಿಸಿ, ಬೈಸಿಕೊಂಡು, ಮತ್ತೆ ಗೆರೆಯೆಳೆದು ಕಳೆದ ವರ್ಷಗಳೆಲ್ಲ ‘ಹುಟ್ಟಿನಿಂದ ಬಂದದ್ದು’ ಎಂಬ ಒಂದು ಮಾತಿನಲ್ಲಿ ಮುಳುಗಿಹೋಗುವುವು.

ಇಲ್ಲಿ ಒಂದು ವಿಚಿತ್ರವುಂಟು. ಇದೇ ರೈಸ್ ಅವರು ಇದೇ ತಾಲ್ಲೂಕುಗಳ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವರು. ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ, 1902ರಲ್ಲಿ, ಶಿಕಾರಿಪುರದವೂ, 8ನೆಯದರಲ್ಲಿ, 1904ರಲ್ಲಿ, ಸೊರಬದವೂ ಬಂದಿವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯವನಾದ ದಾಸೋಜ, ಅವನ ಮಗ ಚಾವಣ, ಇವರು ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ತಾವು ಕಡೆದ ಶಿಲ್ಪಗಳ ಅಡಿಯಲ್ಲಿ ತಮ್ಮ ಹೆಸರನ್ನು ಕೊರೆದಿಟ್ಟಿದ್ದಾರೆ. ದಾಸೋಜನ ಹೆಸರಿನ ಸಂಗಡ ಊರಿನ ಹೆಸರೂ ಉಂಟು, ಬಿರುದೂ ಉಂಟು. 12ನೆಯ ಶತಮಾನದ ನೋಟಕನು ಮದನಿಕೆಯನ್ನು ತಲೆಯೆತ್ತಿ ನೋಡಿದಾಗ, ಇದನ್ನು ಮಾಡಿದವನೊಬ್ಬನಿದ್ದಾನೆ, ಅವನು ಇಂಥವನು ಎಂದು ತಿಳಿಯುತ್ತಿದ್ದನು. ಗಂಧದ ಕರಡಿಗೆಯನ್ನು ಅಂಗಡಿಯಲ್ಲಿ ಕೊಳ್ಳುವ ನಮಗೆ ತಿಳಿಯುವುದು ಮರದ ಹೆಸರು, ಹೆಚ್ಚೆಂದರೆ ಕುಲದ ಹೆಸರು.

ಕೆಲವು ವರ್ಷಗಳ ಹಿಂದೆ, ಸೊರಬದ ಮನೆತನವೊಂದಕ್ಕೆ ಸೇರಿದ ವೃದ್ಧ ಗುಡಿಗಾರರೊಬ್ಬರ ಮುಂದೆ ಒಂದು ಮಧ್ಯಾಹ್ನವೆಲ್ಲ ಕುಳಿತಿದ್ದೆ. ತೊಡೆಯಷ್ಟು ಅಗಲದ ಹಲಗೆ. ಪಕ್ಕದಲ್ಲಿ ಕೊಡತಿ, ಸಾಣೆಕಲ್ಲು, ಅಗಲವಾದ ಉಳಿಯಿಂದ ಮೊದಲುಗೊಂಡು ದಬ್ಬಳಕ್ಕಿಂತ ಸಣ್ಣದಾದ ಉಳಿಯವರೆಗೆ ಸಾಲಾಗಿ ಇಟ್ಟ ಆಯುಧಗಳು. ಚಿತ್ರವನ್ನು ಮೊದಲು ಬರೆದುಕೊಂಡು, ಗೆರೆಯ ಅಂಚನ್ನು ಕೊರೆದು, ಹಿನ್ನೆಲೆಯನ್ನು ತಗ್ಗಿಸಿ, ಎದ್ದು ನಿಂತ ಭಾಗಕ್ಕೆ ಉಬ್ಬುತಗ್ಗುಗಳನ್ನು ಕೊಟ್ಟು, ಕೊನೆಯಲ್ಲಿ ಎಲೆಯ ನರ, ಹಕ್ಕಿಯ ಗರಿಗಳನ್ನು ಬಿಡಿಸುವುದು ಕೆಲಸದ ಕ್ರಮ. ಮರವನ್ನು ತೆಗೆಯಬಹುದೇ ಹೊರತು ಮತ್ತೆ ಅಂಟಿಸುವಂತಿಲ್ಲ. ಹೆಣಿಗೆ ತಪ್ಪಿದರೆ ಬಿಚ್ಚಬಹುದು. ಇಲ್ಲಿ ಆ ಸೌಕರ್ಯವಿಲ್ಲ. ನಾನು ಅಭ್ಯಾಸಬಲದಿಂದ, “ಯಜಮಾನರೇ, ನಿಮ್ಮ ತಾಳ್ಮೆ ದೊಡ್ಡದು” ಎಂದೆ. ಅವರು ತಲೆಯೆತ್ತದೆ, “ತಾಳ್ಮೆ ಎತ್ತಿಗೂ ಉಂಟು, ಮೇಷ್ಟ್ರೇ” ಎಂದರು.

ಕಾಲೇಜಿನಲ್ಲಿ ಪಾಠ ಹೇಳುವವನು ಹೀಗೆ ಬಾಯಿ ಮುಚ್ಚಬೇಕಾಗುವ ಸಂದರ್ಭಗಳು ವಿರಳ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕನಿಕರಪಟ್ಟು ಹಲಗೆಯನ್ನು ನನ್ನ ಕಡೆಗೆ ತಿರುಗಿಸಿದರು. ಬಳ್ಳಿಯ ತಿರುವಿನಲ್ಲಿ ಒಂದು ಗಿಣಿ ಕುಳಿತಿತ್ತು. ಬಂದಾಗಿನಿಂದ ನಾನು ಮೆಚ್ಚಿಕೊಂಡಿದ್ದು ಆ ಗಿಣಿಯನ್ನೇ. “ಬರೆದ ಚಿತ್ರದಲ್ಲಿ ಇದು ಇರಲಿಲ್ಲ” ಎಂದು ಹೇಳಿ ತೋರಿಸಿದರು. ಹಿನ್ನೆಲೆಯನ್ನು ತಗ್ಗಿಸುವಾಗ ಚೇಗಿನೊಳಗೆ ಮುಚ್ಚಿಕೊಂಡಿದ್ದ ಒಂದು ಗಂಟು ಕಾಣಿಸಿತಂತೆ. ಗಂಟಿನ ಸುತ್ತ ಮರದ ಎಳೆ ದಿಕ್ಕು ಬದಲಿಸುತ್ತದೆ. ಬಳ್ಳಿಯ ತೆಳುವಾದ ಕುಡಿಯನ್ನು ಅಲ್ಲಿ ಬಿಡಿಸಹೋದರೆ ಉಳಿ ಎಳೆಗೆ ಎದುರಾಗಿ ಸಿಬಿರೇಳುವುದು. ಅದಕ್ಕಾಗಿ ಬಳ್ಳಿಯನ್ನು ಎರಡು ಬೆರಳಿನಷ್ಟು ಮುಂಚೆಯೇ ಮೇಲಕ್ಕೆ ತಿರುಗಿಸಿ, ಗಂಟಿರುವ ಸ್ಥಳದಲ್ಲಿ ತುಂಬಿಕೊಂಡ ಮೈಯುಳ್ಳ ಗಿಣಿಯನ್ನು ಕೂರಿಸಿದ್ದರು. ಒಂದು ಕಡೆ ಗಿಣಿ ಬಂದಮೇಲೆ ಎದುರು ಕಡೆಗೂ ಬೇಕಲ್ಲವೆ? ಅಲ್ಲಿ ಗಂಟಿಲ್ಲ, ಆದರೂ ಗಿಣಿಯುಂಟು. ನಾನು ತಾಳ್ಮೆಯನ್ನು ಕಂಡ ಕಡೆಯಲ್ಲಿ ಇದ್ದದ್ದು ತೀರ್ಮಾನ. ಆ ತೀರ್ಮಾನಕ್ಕೆ ಪ್ರಾಯಶಃ ಒಂದು ಬೀಡಿ ಸೇದುವಷ್ಟು ಹೊತ್ತು ಮಾತ್ರ ಹಿಡಿದಿರಬೇಕು. ದಿನಗಳ ಲೆಕ್ಕದಲ್ಲಿ ಅದು ಎಲ್ಲಿಯೂ ಸೇರುವುದಿಲ್ಲ.

ಹಣದ ಮಾತನ್ನು ಎತ್ತಿದೆನಷ್ಟೆ. ಗಂಧದ ಸಾಮಾನನ್ನು ಕೊಳ್ಳುವವರು ಮೊದಲು ಮಾಡುವ ಕೆಲಸ ಮೂಸಿ ನೋಡುವುದು. ಅವರ ಮನಸ್ಸಿನಲ್ಲಿ ಬೆಲೆಯೆಲ್ಲ ಪರಿಮಳಕ್ಕೆ. ಕೆತ್ತನೆ ಅದರ ಮೇಲಿನ ಉಡುಗೊರೆ. ಗಂಧದ ಮರವಾದರೋ ಟಿಪ್ಪುವಿನ ಕಾಲದಿಂದ ಸರ್ಕಾರದ ಸೊತ್ತು. 1916ರಲ್ಲಿ ಮೈಸೂರು ಸರ್ಕಾರವು ಎಣ್ಣೆಯನ್ನು ನಾಡಿನಲ್ಲಿಯೇ ಬಟ್ಟಿಯಿಳಿಸಲು ಆರಂಭಿಸಿದ ಮೇಲೆ ಚೇಗಿನ ಚೂರಿಗೂ ಗಿರಾಕಿ ಹೆಚ್ಚಿತು. ನೆಲದ ಒಡೆಯನಿಗೆ ತನ್ನ ನೆಲದ ಗಂಧದ ಮರದ ಮೇಲೆ ಹಕ್ಕು ದೊರೆತದ್ದು 2001ರ ಕಾನೂನು ತಿದ್ದುಪಡಿಯಿಂದ. ಅಷ್ಟರಲ್ಲಿ ಕಾಡಿನ ಮರ ಬಹಳಮಟ್ಟಿಗೆ ತೀರಿತ್ತು. ಈಗ ಅನೇಕ ಕೆತ್ತನೆಗಾರರು ಶಿವನೆಯ ಮರದಲ್ಲಿ ವಿಗ್ರಹಗಳನ್ನು ಮಾಡುವರು. ಅದೇ ಕೈ, ಅದೇ ಉಳಿ, ಅದೇ ತೀರ್ಮಾನಗಳು. ಪರಿಮಳವಿಲ್ಲವೆಂದು ಕೊಳ್ಳುವವರು ಚೌಕಾಸಿಗೆ ತೊಡಗುವರು. ತಾಳ್ಮೆಯನ್ನು ಹೊಗಳಿದವರೇ ಬೆಲೆಯನ್ನು ಇಳಿಸಿರೆಂದು ಕೇಳುವರು. ಇದರಲ್ಲಿ ವಿರೋಧವೇನೂ ಇಲ್ಲ. ತಾಳ್ಮೆಗೆ ಬೆಲೆ ಕಟ್ಟುವ ರೂಢಿ ಲೋಕದಲ್ಲಿಲ್ಲ, ತಿಳಿವಳಿಕೆಗೆ ಉಂಟು. ವಕೀಲರ ತಾಳ್ಮೆಯನ್ನು ಹೊಗಳಿ ಫೀಜನ್ನು ಇಳಿಸಿದವರನ್ನು ನಾನು ಕಂಡಿಲ್ಲ.

ಗುಡಿಗಾರನನ್ನು ಲೋಕವು ಕಸುಬುಗಾರನೆಂದಾದರೂ ಒಪ್ಪಿತು. ಶಿಕಾರಿಪುರದ ಸುತ್ತಣ ತಾಂಡಾಗಳ ಲಂಬಾಣಿ ಹೆಂಗಸಿಗೆ ಆ ಮರ್ಯಾದೆಯೂ ಬಹುಕಾಲ ದೊರೆಯಲಿಲ್ಲ. ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೇಶವೆಲ್ಲ ತಿರುಗುತ್ತಿದ್ದ ಜನ. ರಸ್ತೆ ರೈಲುಗಳು ಬಂದ ಮೇಲೆ ನೆಲೆನಿಂತವರು. ಅವರ ಹೆಂಗಸರು ತೊಡುವ ಫೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿಯ ಚೂರು, ಕವಡೆ, ಬಣ್ಣಬಣ್ಣದ ನೂಲು. ಪೇಟೆಯವರು ಕಂಡದ್ದು ತೊಟ್ಟವಳನ್ನು. ಹೊಲಿದವಳೂ ಅವಳೇ ಎಂಬುದು ಅವರಿಗೆ ಹೊಳೆಯಲಿಲ್ಲ. ಮಾಕಿ, ಕಿಲನ್, ರೇಲೋ ಎಂದು ಮೊದಲಾದ ಹೆಸರುಗಳಿಂದ 14 ಬಗೆಯ ಹೊಲಿಗೆಗಳನ್ನು ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಗುರುತಿಸಿದ್ದಾರೆ. ಆ ಕಸೂತಿಗೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿದೆ. ಹೆಸರುಳ್ಳ ಹೊಲಿಗೆಯೆಂದರೆ ವ್ಯಾಕರಣವುಳ್ಳ ಭಾಷೆ.

ಹುಚ್ಚರಾಯಸ್ವಾಮಿಯ ತೇರಿನ ದಿನ ಶಿಕಾರಿಪುರದ ಬೀದಿಯಲ್ಲಿ, ಅಂಗಡಿಯೊಂದರ ನೆರಳಿನಲ್ಲಿ ಕುಳಿತು ಕೈಚೀಲಕ್ಕೆ ಅಂಚು ಹೊಲಿಯುತ್ತಿದ್ದ ಹೆಂಗಸೊಬ್ಬಳನ್ನು ಕಂಡೆ. ಗುಡಿಗಾರರ ಪಾಠ ಆಗಿನ್ನೂ ನನಗಾಗಿರಲಿಲ್ಲ, ಆದ್ದರಿಂದ ಎರಡನೆಯ ಮಾತನ್ನು ಕೇಳಿದೆ: “ಎಷ್ಟು ದಿನ ಹಿಡಿಯಿತಮ್ಮ?” ಅವಳು ನಕ್ಕು, “ಅದನ್ಯಾರು ಎಣಿಸ್ತಾರೆ ಸ್ವಾಮಿ? ಎಳೆ ಎಣಿಸೋದೇ ಸಾಕಾಗ್ತದೆ” ಎಂದಳು. ಬಟ್ಟೆಯ ಮೇಲೆ ಗೆರೆಯಿರಲಿಲ್ಲ, ಅಚ್ಚಿರಲಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಿನಲ್ಲಿಯೇ ಎಣಿಸಿ ಸೂಜಿಯನ್ನು ಇಳಿಸುತ್ತಿದ್ದಳು. ಒಂದೆಳೆ ತಪ್ಪಿದರೆ ಚೌಕದ ಮೂಲೆಗಳು ಕೂಡುವುದಿಲ್ಲ. ಬೀದಿಯ ಗದ್ದಲದ ನಡುವೆ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡೇ ನನ್ನೊಡನೆ ಮಾತನಾಡಿದಳೆಂಬುದು ನನಗೆ ತಿಳಿದದ್ದು ಬಸ್ಸು ಹತ್ತಿದ ಮೇಲೆ.

ಈಗ ಮತ್ತೆ ಲೇಸಿಗೆ ಬರೋಣ; ಏಕೆಂದರೆ ನೋಟಕರ ಮಾತು ಕೂಲಿಯನ್ನು ಹೇಗೆ ನಿರ್ಣಯಿಸುತ್ತದೆಂಬುದಕ್ಕೆ ಅಚ್ಚಾದ ಸಾಕ್ಷ್ಯ ಅಲ್ಲಿದೆ. ಗೋದಾವರಿಯ ಮುಖಜಭೂಮಿಯ ನರಸಾಪುರದಲ್ಲಿ 19ನೆಯ ಶತಮಾನದ ಮಿಷನರಿಗಳು ಕಲಿಸಿದ ಕ್ರೋಷಾ ಲೇಸು ಮನೆಮನೆಗೂ ಹಬ್ಬಿತು. ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿಯು ಆ ಹೆಂಗಸರನ್ನು ಕುರಿತು 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದಳು. ಅವರು ಮನೆಗೆಲಸವನ್ನು ಮುಗಿಸಿಕೊಂಡು ದಿನಕ್ಕೆ 6ರಿಂದ 8 ಗಂಟೆಗಳ ಕಾಲ ಹೆಣೆಯುತ್ತಿದ್ದರು. ಮಾಲು ಪರದೇಶಗಳಿಗೆ ಹೋಗುತ್ತಿತ್ತು. ರಫ್ತಿನ ಲಾಭ ಗಂಡಸರಾದ ವರ್ತಕರದಾಗಿತ್ತು. ಇಷ್ಟಾದರೂ ಸುತ್ತಣವರ ಕಣ್ಣಿಗೆ ಅವರು ಬಿಡುವಿನ ಹೊತ್ತನ್ನು ಕಳೆಯುವ ಗೃಹಿಣಿಯರು. ಹೊತ್ತು ಕಳೆಯುವವರಿಗೆ ಪುಡಿಗಾಸು ಸಾಲದೆ? ಎಂಟು ಗಂಟೆಯ ಬಿಡುವುಳ್ಳ ಗೃಹಿಣಿಯನ್ನು ತಾವು ಯಾವ ಮನೆಯಲ್ಲಿ ಕಂಡಿರುವಿರೋ ನಾನರಿಯೆ.

ನಮ್ಮ ಮನೆಯ ಮೇಜಿನ ವಸ್ತ್ರವನ್ನು ಹೆಣೆದದ್ದು ನನ್ನ ಹೆಂಡತಿ. ಆ ಗಿಣಿಯನ್ನು ನೋಡಿ ಬಂದ ರಾತ್ರಿ, ಇದರಲ್ಲಿ ಎಲ್ಲಿಯಾದರೂ ಪುಸ್ತಕದ ಮಾದರಿಯನ್ನು ಬಿಟ್ಟದ್ದುಂಟೆ ಎಂದು ಅವಳನ್ನು ಕೇಳಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಅನುಮಾನದಿಂದ ನೋಡಿ, ದೀಪದ ಹತ್ತಿರಕ್ಕೆ ಬಂದು ಮೂಲೆಯನ್ನು ಎತ್ತಿ ತೋರಿಸಿದಳು. ಮೂಲೆ ಮುದುರಿಕೊಳ್ಳದೆ ಚಪ್ಪಟೆಯಾಗಿ ಕೂರಬೇಕಾದರೆ ಅಲ್ಲಿ ಕುಣಿಕೆಗಳನ್ನು ಹೆಚ್ಚಿಸಬೇಕು. ಮಾದರಿಯ ಲೆಕ್ಕ ತೆಳುವಾದ ನೂಲಿಗೆ ಬರೆದದ್ದು, ಇಲ್ಲಿ ದೊರೆತದ್ದು ದಪ್ಪ ನೂಲು. ಮೊದಲನೆಯ ಮೂಲೆಯನ್ನು ಮೂರು ಸಲ ಬಿಚ್ಚಿದಳಂತೆ. ಕೊನೆಗೆ ನಾಲ್ಕು ಮೂಲೆಯ ಹೂಗಳಿಗೂ ಎಂಟರ ಬದಲು ಒಂಬತ್ತು ದಳಗಳನ್ನಿಟ್ಟಳು. ನಾನು ಎಣಿಸಿ ನೋಡಿದೆ, ಒಂಬತ್ತೇ ಇದ್ದವು. ಆ ಮೂಲೆಯ ಮೇಲೆ ನಾನು ಕಾಫಿಯ ಲೋಟವನ್ನು ಇಡಲು ಆರಂಭಿಸಿ ಹನ್ನೆರಡು ವರ್ಷಗಳಾಗಿದ್ದುವು.