ತೈಲೋದ್ಯಮಕ್ಕೆ ನಮ್ಮ ತರುಣರನ್ನು ಕರೆಯುವ ಮುನ್ನ



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡು-ನುಡಿಯ ಮಾತು ಬರುವುದು ವಾಡಿಕೆ. ಇಲ್ಲಿ ಕಲ್ಲೆಣ್ಣೆಯ ಮಾತೇಕೆ ಎಂದು ತಮಗೆ ಅನ್ನಿಸಬಹುದು. ನುಡಿ ಉಳಿಯಬೇಕಾದರೆ ಅದನ್ನಾಡುವವರ ಮನೆಯಲ್ಲಿ ಒಲೆ ಉರಿಯಬೇಕು. ಅದಕ್ಕೆ ಮಕ್ಕಳ ಕೈಯಲ್ಲಿ ಕಸುಬಿರಬೇಕು. ಈ ಮುಂಬಯಿಗೆ ಬಂದ ನಮ್ಮ ಹಿರಿಯರು ಹೋಟೆಲುಗಳಲ್ಲಿ, ಗಿರಣಿಗಳಲ್ಲಿ ಹಗಲೆಲ್ಲ ದುಡಿದು, ರಾತ್ರಿ ಶಾಲೆಗಳಲ್ಲಿ ಕಲಿತು ತಲೆಯೆತ್ತಿದರು. ಅವರ ಮೊಮ್ಮಕ್ಕಳಲ್ಲಿ ಅನೇಕರು ಇಂದು ಕಂಪ್ಯೂಟರಿನ ಮುಂದೆ ಕೂಡುವ ಕೆಲಸವೊಂದನ್ನೇ ಉದ್ಯೋಗವೆಂದು ಬಗೆದಿದ್ದಾರೆ. ಅದು ಒಳ್ಳೆಯ ಕೆಲಸವೇ. ಆದರೆ ನಮ್ಮ ಹೊಸ್ತಿಲಿನಲ್ಲಿಯೇ ಇರುವ ಇನ್ನೊಂದು ದೊಡ್ಡ ಉದ್ಯಮವನ್ನು ಅವರು ಕಣ್ಣೆತ್ತಿ ನೋಡುವುದಿಲ್ಲವೆಂಬುದು ನಮ್ಮ ಚಿಂತೆ.

ಚೆಂಬೂರಿನ ಆಚೆ, ಟ್ರಾಂಬೆಯ ತೈಲ ಶುದ್ಧೀಕರಣ ಕಾರ್ಖಾನೆಗಳು 1954-55ರಲ್ಲಿ ಕೆಲಸ ಆರಂಭಿಸಿದವು. ವಿದೇಶಿ ಕಂಪನಿಗಳ ಕೈಯಲ್ಲಿದ್ದ ಅವು ಇಂದು ಹಿಂದೂಸ್ತಾನ್ ಪೆಟ್ರೋಲಿಯಂ ಹಾಗೂ ಭಾರತ್ ಪೆಟ್ರೋಲಿಯಂ ಸಂಸ್ಥೆಗಳವು. ಕನ್ನಡ ನಾಡು ಒಂದುಗೂಡಿದ 1956ರಲ್ಲಿಯೇ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವೂ ಆಗಸ್ಟ್ ತಿಂಗಳಲ್ಲಿ ರೂಪುಗೊಂಡಿತು. ಅದರ 'ಸಾಗರ್ ಸಮ್ರಾಟ್' ಎಂಬ ಕೊರೆಯುವ ಹಡಗು 1974ರಲ್ಲಿ ಈ ನಗರದಿಂದ ಸುಮಾರು 160 ಕಿಲೋಮೀಟರು ದೂರದ ಕಡಲಿನಲ್ಲಿ ಎಣ್ಣೆಯನ್ನು ಕಂಡಿತು. ಅದೇ ಬಾಂಬೆ ಹೈ. 1976ರಿಂದ ಅಲ್ಲಿ ತೈಲೋತ್ಪಾದನೆ ನಡೆದಿದೆ.

ನಮ್ಮ ತವರಿನತ್ತ ನೋಡೋಣ. ಮಂಗಳೂರಿನ ಶುದ್ಧೀಕರಣ ಕಾರ್ಖಾನೆ 1996ರಲ್ಲಿ ಕೆಲಸ ತೊಡಗಿತು. ಇಂದು ಅದು ವರ್ಷಕ್ಕೆ 150 ಲಕ್ಷ ಟನ್ನುಗಳಷ್ಟು ಕಚ್ಚಾ ತೈಲವನ್ನು ಶುದ್ಧೀಕರಿಸಬಲ್ಲದು. ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್ನು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನು ತೈಲ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆದಿದ್ದಾರೆ. ಸುತ್ತಲಿನ ಅಂತರ್ಜಲದ ಒತ್ತಡವೇ ಎಣ್ಣೆಯನ್ನು ಹೊರಗೆ ಸೋರದಂತೆ ತಡೆದು ನಿಲ್ಲಿಸುತ್ತದೆ. ಇಂಥ ಉಗ್ರಾಣವನ್ನು ಕಾಯಲು ಬಂಡೆಯನ್ನು ಬಲ್ಲವರು, ನೀರನ್ನು ಬಲ್ಲವರು, ಮಾಪಕಗಳನ್ನು ಓದಬಲ್ಲವರು ಎಲ್ಲರೂ ಬೇಕು. ಉದ್ಯಮಕ್ಕಾಗಿ ಊರು ತನ್ನ ನೆಲವನ್ನು ಕೊಟ್ಟಿರುವಾಗ, ಊರಿನ ಮಗ ಗೇಟಿನ ಕಾವಲಿಗೆ ಮಾತ್ರ ನಿಲ್ಲುವಂತಾಗಬಾರದು. ಒಳಗಿನ ನಿಯಂತ್ರಣ ಕೊಠಡಿಯಲ್ಲಿಯೂ ಅವನು ಇರಬೇಕು.

ಹಾಗಾದರೆ ತರುಣರು ಏಕೆ ಹಿಂಜರಿಯುತ್ತಾರೆ? ಅವರಿಗೆ ಎರಡು ಸಂಶಯಗಳಿವೆ, ಎರಡೂ ನ್ಯಾಯವಾದವು.

ಮೊದಲನೆಯದು, ಈ ಉದ್ಯಮ ಬಾಳೀತೇ ಎಂಬುದು. 2070ರ ವೇಳೆಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ತರುವುದಾಗಿ ಭಾರತವು 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಮಾತು ಕೊಟ್ಟಿದೆ. ಭೂಮಿ ಬಿಸಿಯೇರುತ್ತಿರುವುದರಲ್ಲಿ ಎಣ್ಣೆಯ ಪಾಲಿದೆಯೆಂಬುದನ್ನು ತರುಣರ ಮುಂದೆ ಮರೆಮಾಚುವುದು ಸಲ್ಲದು. ಆದರೆ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲನ್ನು ನಾವಿನ್ನೂ ಹೊರಗಿನಿಂದಲೇ ತರುತ್ತಿದ್ದೇವೆ. ವಾಹನಗಳೆಲ್ಲ ವಿದ್ಯುತ್ತಿನಿಂದ ಓಡಿದರೂ ಗೊಬ್ಬರ, ಪ್ಲಾಸ್ಟಿಕ್ಕು, ರಸ್ತೆಯ ಡಾಂಬರು ಇವು ಒಂದೇ ದಿನ ಎಣ್ಣೆ-ಅನಿಲಗಳ ನಂಟು ಕಡಿದುಕೊಳ್ಳಲಾರವು. ಅದಕ್ಕೂ ಮುಖ್ಯವಾಗಿ, ಒತ್ತಡದ ಕೊಳವೆಯನ್ನು ಬೆಸೆಯುವ ವಿದ್ಯೆ, ಭೂಮಿಯ ಆಳವನ್ನು ಕೊರೆಯುವ ವಿದ್ಯೆ, ಮಾಪಕಗಳನ್ನು ನಿಯಂತ್ರಿಸುವ ವಿದ್ಯೆ ಎಣ್ಣೆಯೊಡನೆ ಮುಗಿಯುವುದಿಲ್ಲ. ಜಲಜನಕದ ಸ್ಥಾವರಕ್ಕೂ, ಭೂಗರ್ಭದ ಶಾಖವನ್ನು ಮೇಲೆತ್ತುವ ಬಾವಿಗೂ ಅವು ಬೇಕು. ಆದುದರಿಂದ, "ನಿನಗೆ ನಲವತ್ತು ವರ್ಷದ ನೌಕರಿ ಖಂಡಿತ" ಎಂದು ಯಾರಿಗೂ ಹೇಳುವುದು ಬೇಡ. "ಎಲ್ಲಿಗೆ ಹೋದರೂ ಕೈಬಿಡದ ಕಸುಬನ್ನು ಕಲಿ" ಎಂದು ಹೇಳೋಣ.

ಎರಡನೆಯದು ಜೀವಭಯ. ಕಡಲಿನ ವೇದಿಕೆಗಳಲ್ಲಿ ಸಾಮಾನ್ಯವಾಗಿ 14 ದಿನ ದುಡಿಮೆ, 14 ದಿನ ಬಿಡುವು. ಕಾರ್ಖಾನೆಯಲ್ಲಾದರೆ ದೀಪಾವಳಿಯ ರಾತ್ರಿಯೂ ಪಾಳಿ ತಪ್ಪದು. ಇದನ್ನು ಸಹಿಸಬಹುದು. ಆದರೆ 2005ರ ಜುಲೈ 27ರಂದು ಬಾಂಬೆ ಹೈ ವೇದಿಕೆಗೆ ಹಡಗೊಂದು ತಾಗಿ ಹೊತ್ತಿದ ಬೆಂಕಿಯಲ್ಲಿ 22 ಮಂದಿ ತೀರಿಕೊಂಡರು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ, 260ಕ್ಕೂ ಹೆಚ್ಚು ಜನ ತಂಗಿದ್ದ 'ಪಿ-305' ಎಂಬ ದೋಣಿ ಮುಳುಗಿ 70ಕ್ಕೂ ಹೆಚ್ಚು ಮಂದಿ ಮಡಿದರು. ಅಬ್ಬರಿಸುವ ಕಡಲಿನಲ್ಲಿ ನೌಕಾಪಡೆಯವರು ಉಳಿದವರನ್ನು ಎತ್ತಿ ತಂದರು. ಆ ದೋಣಿಯಲ್ಲಿದ್ದವರು ಗುತ್ತಿಗೆಯ ಕೆಲಸಕ್ಕೆ ಬಂದಿದ್ದ ದುಡಿಮೆಗಾರರು.

ಇದನ್ನು ಹೆದರಿಸಲೆಂದು ಹೇಳುತ್ತಿಲ್ಲ. ತರುಣರು ಬೇಕೆನ್ನುವ ಉದ್ಯಮವು ಸಂಬಳದ ಅಂಕಿಗಿಂತ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಬಿರುಗಾಳಿಯ ಸೂಚನೆ ಬಂದಾಗ ಕೆಲಸ ನಿಲ್ಲಿಸೆನ್ನುವ ಅಧಿಕಾರ ಯಾರದು? ಕಾಯಂ ನೌಕರನಿಗೆ ಕೊಡುವ ಸುರಕ್ಷತಾ ಶಿಕ್ಷಣ ಗುತ್ತಿಗೆಯ ಹುಡುಗನಿಗೂ ಉಂಟೇ? ಆ ಶಿಕ್ಷಣ ಅವನಿಗೆ ತಿಳಿಯುವ ಭಾಷೆಯಲ್ಲಿ ಇದೆಯೇ? ರಾಯಚೂರಿನಿಂದ ಬಂದ ವೆಲ್ಡರನಿಗೆ ಇಂಗ್ಲಿಷಿನ ಎಚ್ಚರಿಕೆಯ ಫಲಕ ಗೋಡೆಯ ಚಿತ್ತಾರವಾದರೆ ಅದರಿಂದ ಯಾರ ಪ್ರಾಣವೂ ಉಳಿಯದು. ತಾಯ್ನುಡಿಯ ಹಕ್ಕು ಎಂದು ನಾವು ಹೇಳುವಾಗ ಇದೂ ಅದರಲ್ಲಿ ಸೇರಬೇಕು.

ಇನ್ನು ದಾರಿಯ ಮಾತು. 1926ರಲ್ಲಿ ಆರಂಭವಾದ ಧನಬಾದಿನ ಗಣಿ ವಿದ್ಯಾಲಯ ಈಗ ಐ.ಐ.ಟಿ. ಆಗಿದೆ. ಉತ್ತರ ಪ್ರದೇಶದ ಜಾಯಸ್‌ನಲ್ಲಿ ಪೆಟ್ರೋಲಿಯಂ ವಿದ್ಯೆಗೆಂದೇ ರಾಷ್ಟ್ರೀಯ ಸಂಸ್ಥೆಯಿದೆ. ಮಂಗಳೂರಿನ ಕಾರ್ಖಾನೆಯ ನೆರೆಯಲ್ಲಿಯೇ, 1960ರಲ್ಲಿ ತೊಡಗಿದ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ರಾಸಾಯನಿಕ ತಂತ್ರವಿದ್ಯೆಯನ್ನು ಕಲಿಸುತ್ತದೆ. ಇಂಜಿನಿಯರಾಗದವರಿಗೂ ಬಾಗಿಲಿದೆ: ಐ.ಟಿ.ಐ.ಯಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರೀಷಿಯನ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಕಲಿತವರು 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಭತ್ಯೆ ಪಡೆಯುತ್ತಲೇ ಕೆಲಸ ಕಲಿಯಬಹುದು. ಈ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿರಬೇಕು.

ನಮ್ಮ ಸಂಘಕ್ಕೊಂದು ಸಲಹೆಯಿದೆ. ವರ್ಷಕ್ಕೆರಡು ಭಾನುವಾರ, ಈ ಉದ್ಯಮದಲ್ಲಿ ದುಡಿದು ನಿವೃತ್ತರಾದ ನಮ್ಮವರನ್ನು ಕರೆದು, ಹತ್ತನೆಯ ತರಗತಿಯ ಮಕ್ಕಳ ಹಾಗೂ ತಂದೆತಾಯಿಯರ ಮುಂದೆ ಕನ್ನಡದಲ್ಲಿ ಮಾತನಾಡಿಸೋಣ. ಕೆಲಸದ ಹೆಮ್ಮೆಯ ಜೊತೆಗೆ ಅದರ ಕಷ್ಟವನ್ನೂ ಅವರು ಹೇಳಲಿ. ಅರ್ಜಿ ತುಂಬಲು ನೆರವು ಬೇಕಾದವರಿಗೆ ನಾವು ಅದೇ ದಿನ ಪಕ್ಕದಲ್ಲಿ ಕುಳಿತು ತುಂಬಿಕೊಡೋಣ.

ಎಲ್ಲವನ್ನೂ ಕೇಳಿ ತಿಳಿದ ಮೇಲೆ ಹತ್ತರಲ್ಲಿ ಇಬ್ಬರು ಈ ಹಾದಿ ಹಿಡಿದರೂ ಸಾಕು. ಅವರು ಅರ್ಧಕ್ಕೆ ಹಿಂದಿರುಗುವವರಲ್ಲ.